ಫರ್ಬಿಶ್ ಲೌಸ್‌ವರ್ಟ್: ತಳಿವೈವಿಧ್ಯವಿಲ್ಲದ ಗಿಡವನ್ನು ಉಳಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಮೇನ್ ಮತ್ತು ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗಳಲ್ಲಿ, ಸೇಂಟ್ ಜಾನ್ ನದಿಯ ದಡ ಬಿಟ್ಟರೆ ಬೇರೆಲ್ಲೂ ಬೆಳೆಯದ ಈ ಗಿಡದಲ್ಲಿ ಆನುವಂಶಿಕ ವೈವಿಧ್ಯ ತೀರ ಕಡಿಮೆಯೆಂದು ಓದಿದೆ. ಹಾಗಿದ್ದರೆ ಬೀಜ ತಂದು ತೋಟದಲ್ಲಿ ಬೆಳೆಸುವುದೇ ಕ್ಷೇಮವಲ್ಲವೇ?

ಉತ್ತರ 1: ಅದು ಹೇಳಿದಷ್ಟು ಸುಲಭವಲ್ಲ. ಇದು ಅರೆಪರಾವಲಂಬಿ, ಎಲೆ ಹಸಿರಾಗಿದ್ದರೂ ಇದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಪೋಷಕಾಂಶ ಹೀರುತ್ತದೆ. ಹೂ ಬಿಡಲು ಕನಿಷ್ಠ ಮೂರು ವರ್ಷ ಬೇಕು, ಪರಾಗಸ್ಪರ್ಶಕ್ಕೆ ಬಂಬಲ್‌ಬೀ ಬರಬೇಕು.

ಉತ್ತರ 2: ವೈವಿಧ್ಯದ ಮಾತು ನಿಜ. 1987ರಲ್ಲಿ ಪ್ರಕಟವಾದ ಕಿಣ್ವಪರೀಕ್ಷೆಯಲ್ಲಿ, ಅಂದರೆ ಗಿಡಗಳ ಕಿಣ್ವಗಳನ್ನು ಹೋಲಿಸಿ ಆನುವಂಶಿಕ ಭೇದ ಹುಡುಕುವ ಪರೀಕ್ಷೆಯಲ್ಲಿ, ಗಿಡಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಕಿಣ್ವದಲ್ಲಿ ಕಾಣದ್ದು ಡಿಎನ್‌ಎಯಲ್ಲಿ ಇರಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು ನದಿಯ ವರ್ತನೆ. ವಸಂತದಲ್ಲಿ ಒಡೆದು ಹರಿಯುವ ಮಂಜುಗಡ್ಡೆ ದಡವನ್ನು ಕೆರೆದು ಗಿಡಗಳನ್ನು ಗುಂಪುಗುಂಪಾಗಿ ಕೊಚ್ಚಿಕೊಂಡು ಹೋಗುತ್ತದೆ. ಅದೇ ಕೆರೆತ ಆಲ್ಡರ್ ಪೊದೆಗಳ ನೆರಳನ್ನೂ ತೆಗೆದು, ಕೆಲವು ವರ್ಷಗಳಲ್ಲಿ ಹೊಸ ಸಸಿಗಳಿಗೆ ಬಯಲು ಮಾಡಿಕೊಡುತ್ತದೆ. ಆದ್ದರಿಂದ ಇಂದು ಗಿಡವಿರುವ ದಡದಷ್ಟೇ ಇಂದು ಬರಿದಾಗಿರುವ ದಡವೂ ಉಳಿಯಬೇಕು.

ಉತ್ತರ 3: ಅಳಿದುಹೋಯಿತೆಂದುಕೊಂಡಿದ್ದ ಈ ಗಿಡ 1976ರಲ್ಲಿ ಮತ್ತೆ ಸಿಕ್ಕಿದ್ದು ಅಣೆಕಟ್ಟೊಂದರ ಪರಿಸರ ಸಮೀಕ್ಷೆಯಲ್ಲಿ ಎಂಬುದು ತಮಾಷೆಯೇ ಸರಿ, ಕಟ್ಟಿದ್ದರೆ ನೀವು ಹೇಳಿದ ಕೆರೆತವೇ ನಿಲ್ಲುತ್ತಿತ್ತು. ಆ ಅಣೆಕಟ್ಟು ಕೊನೆಗೂ ಆಗಲಿಲ್ಲ.