ಸಲಾಡಿನ ‘ಡ್ರೆಸ್ಸಿಂಗ್’ಗೆ ಏನಂತ ಬರೀಲಿ?

ಎಲ್ರಿಗೂ ನಮಸ್ಕಾರ. ಒಂದು ಪದಕ್ಕೋಸ್ಕರ ಎರಡು ದಿನದಿಂದ ತಲೆ ಕೆಡಿಸ್ಕೊಂಡು ಕೂತಿದೀನಿ. ನಮ್ಮತ್ತೆಗೆ ಸಲಾಡ್ ಮಾಡೋ ವಿಧಾನ ಕನ್ನಡದಲ್ಲಿ ಬರ್ದು ಕೊಡ್ತಿದ್ದೆ. ಸೌತೆಕಾಯಿ, ಕ್ಯಾರೆಟ್, ಎಲೆಕೋಸು ಹೆಚ್ಕೊಳ್ಳೋವರೆಗೂ ಸಲೀಸಾಗಿ ಹೋಯ್ತು. ಆಮೇಲೆ ಗಟ್ಟಿ ಮೊಸರನ್ನ ತೆಳು ಬಟ್ಟೇಲಿ ಕಟ್ಟಿ ಒಂದೆರಡು ಗಂಟೆ ನೇತುಹಾಕಿ ನೀರಿಳಿಸಿ, ಅದಕ್ಕೆ ನೆನೆಸಿ ರುಬ್ಬಿದ ಹತ್ತು ಗೋಡಂಬಿ, ಒಂದೆಸಳು ಬೆಳ್ಳುಳ್ಳಿ, ಮೆಣಸಿನ ಪುಡಿ (ಕಾಳುಮೆಣಸು), ಅರ್ಧ ಹೋಳು ನಿಂಬೆರಸ, ಚೂರು ಜೇನುತುಪ್ಪ ಹಾಕಿ ಕಲಸಿದ್ರೆ ಡ್ರೆಸ್ಸಿಂಗ್ ರೆಡಿ ಅಂತ ಬರ್ದೆ ನೋಡಿ, ಅಲ್ಲಿ ನಿಂತ್ಕೊಂಡೆ. ಅತ್ತೆಗೆ ಡ್ರೆಸ್ಸಿಂಗ್ ಅಂದ್ರೆ ಗಾಯಕ್ಕೆ ಕಟ್ಟೋ ಬ್ಯಾಂಡೇಜು!

ಗೊಜ್ಜು ಅಂದ್ರೆ ನಮ್ಮ ಮೈಸೂರು ಕಡೆ ಹುಣಸೆಹುಳಿ, ಬೆಲ್ಲ ಕಣ್ಮುಂದೆ ಬರತ್ತೆ. ಒಗ್ಗರಣೇನೂ ಕೊನೇಲಿ ಮೇಲಿಂದ ಹಾಕೋದೇ, ಆದ್ರೆ ಅದು ಚಟಪಟ ಅನ್ಬೇಕಲ್ಲ. ಯೋಚ್ನೆ ಮಾಡಿದ್ರೆ, ನಮ್ಮಲ್ಲಿ ಹೆಸರಿರೋದೆಲ್ಲ ಕಲಸಿ ಮುಗಿಸಿದ ಅಡುಗೆಗೇ: ಕೋಸಂಬರಿ, ಮೊಸರುಬಜ್ಜಿ, ಧಾರವಾಡದ ಕಡೆ ರೊಟ್ಟಿ ಜೊತೆ ಶೇಂಗಾಪುಡಿ, ಗುರೆಳ್ಳುಪುಡಿ ಹಾಕಿ ಮಾಡೋ ಪಚಡಿ. (ಇದೇ ಪಚ್ಚಡಿ ತೆಲುಗರಿಗೆ ಚಟ್ನಿ, ತಮಿಳರಿಗೆ ಮೊಸರು ಹಾಕಿದ್ದು, ಆ ಜಗಳ ಇನ್ನೊಂದಿನ.) ಕಲಸೋ ದ್ರವವನ್ನ ಬೇರೆ ಮಾಡಿ ಬಾಟ್ಲಿಗೆ ತುಂಬಿಡೋ ಅಭ್ಯಾಸಾನೇ ಇರ್ಲಿಲ್ಲ, ಹಾಗಾಗಿ ಹೆಸರೂ ಬೇಕಾಗ್ಲಿಲ್ಲ ಅನ್ಸತ್ತೆ. ಕೋಸಂಬರಿಗಂತೂ ಉಪ್ಪು ಕೂಡ ಬಡಿಸೋ ಹೊತ್ತಿಗೇ ಹಾಕೋದು, ಮುಂಚೆ ಹಾಕಿದ್ರೆ ಸೌತೆಕಾಯಿ ನೀರು ಬಿಟ್ಕೊಂಡು ಕೆಟ್ಟೋಗತ್ತೆ. ತಮಾಷೆ ಅಂದ್ರೆ ಸಲಾಡ್ ಅನ್ನೋ ಪದ ಹುಟ್ಟಿದ್ದೇ ಲ್ಯಾಟಿನ್ನಿನ ‘ಸಾಲ್’ ಇಂದ, ಅಂದ್ರೆ ಉಪ್ಪು.

ಒಂದೇ ಒಂದು ಪದ ಹತ್ತಿರ ಬಂದಂಗೆ ಅನ್ಸಿದ್ದು ಮಲೆನಾಡು, ಕರಾವಳಿ ಕಡೆಯ ‘ಸಾಸಿವೆ’, ಕೆಲವರ ಬಾಯಲ್ಲಿ ‘ಸಾಸ್ಮೆ’. ಹಸಿ ತೆಂಗಿನಕಾಯಿ ಜೊತೆ ಸಾಸಿವೆ ರುಬ್ಬಿ ಮೊಸರಿಗೆ ಬೆರೆಸೋದು. ಸೌತೆಕಾಯಿ ಸಾಸಿವೆ, ಬೆಂಡೆಕಾಯಿ ಸಾಸಿವೆ, ಮಾವಿನಹಣ್ಣಿನ ಸಾಸಿವೆ, ಹೋಳು ಯಾವ್ದಾದ್ರೂ ಆಗ್ಲಿ, ಹೆಸರು ನಿಂತಿರೋದು ರುಬ್ಬಿದ್ದರ ಮೇಲೆ. ಇದು ಡ್ರೆಸ್ಸಿಂಗೇ ಅಲ್ವಾ? ಆದ್ರೆ ನನ್ನ ಪಾತ್ರೇಲಿ ಒಂದು ಕಾಳು ಸಾಸಿವೇನೂ ಇಲ್ಲ, ಹಂಗಾಗಿ ಹಾಗಂತ ಬರೆಯೋಕೆ ಧೈರ್ಯ ಬರ್ತಿಲ್ಲ.

ಜೊತೆಗೆ ‘ಕ್ರೀಮಿ’ದೂ ಒಂದು ಕಾಟ. ಕೆನೆಯಂಥ ಅಂತ ಬರ್ದ್ರೆ ಹಾಲಿನ ಮೇಲಿನ ಪದರ ಅನ್ಕೊಂಡು ಅತ್ತೆ ಅದನ್ನ ಹುಡುಕ್ತಾರೆ. ನುಣ್ಣಗೆ ಅಂದ್ರೆ ರುಬ್ಬೋದ್ರ ಹದ ಮಾತ್ರ ಹೇಳ್ದಂಗಾಯ್ತು, ಗಟ್ಟಿತನ ಬರ್ಲಿಲ್ಲ. ಸದ್ಯಕ್ಕೆ ‘ಬೆಣ್ಣೆ ಥರ ರುಬ್ಬಿ’ ಅಂತ ಹಾಕಿದೀನಿ, ಅಡುಗೆಮನೇಲಿ ಎಲ್ರೂ ಹಾಗೇ ತಾನೆ ಹೇಳೋದು.

ಡ್ರೆಸ್ಸಿಂಗ್ ಜಾಗದಲ್ಲಿ ಈಗ ‘ಮೊಸರಿನ ಕಲಸು’ ಅಂತಿದೆ, ನಂಗೇ ಇಷ್ಟ ಇಲ್ಲ, ಸಿಮೆಂಟು ನೆನಪಾಗತ್ತೆ. ಸಾಗರ, ಶಿರಸಿ, ಉಡುಪಿ ಕಡೆಯವ್ರು ಇದ್ರೆ ಒಂದು ಹೇಳಿ: ಹೋಳು ಬೀಳೋಕೆ ಮುಂಚೆ ಪಾತ್ರೇಲಿ ಬರೀ ಆ ರುಬ್ಬಿದ್ದು, ಮೊಸರು ಇರತ್ತಲ್ಲ, ಆಗ್ಲೂ ಅದನ್ನ ಸಾಸಿವೆ ಅಂತಾನೇ ಕರೀತೀರಾ, ಇಲ್ಲಾ ಹೋಳು ಬಿದ್ಮೇಲೇನಾ?