ಪದಚರ್ಚೆ: ‘ಆರ್ಚ್‌ಡೀಕನ್’ ಹುದ್ದೆಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರಿಗೆ ನಮಸ್ಕಾರ.

ಹನ್ನೆರಡನೆಯ ಶತಮಾನದ ಇಂಗ್ಲೆಂಡಿನ ಬಗ್ಗೆ ಪಿಯುಸಿ ಓದುವವರಿಗೂ ತಿಳಿಯುವಂತೆ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ‘ಆರ್ಚ್‌ಡೀಕನ್’ ಎಂಬ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತಿದೆ. ಬಿಷಪ್ ಎಂದರೆ ನಮ್ಮ ಓದುಗರಿಗೆ ಗೊತ್ತು. ಕ್ಯಾಥೊಲಿಕ್ ಬರಹಗಳಲ್ಲಿ ಧರ್ಮಾಧ್ಯಕ್ಷ, ಮಹಾಧರ್ಮಾಧ್ಯಕ್ಷ ಎಂಬ ಪದಗಳೂ ನೆಲೆಯೂರಿವೆ. ಬಿಷಪರ ಕೆಳಗೆ ನಿಂತು ಅವರ ಪ್ರಾಂತ್ಯದ ಒಂದು ಭಾಗವನ್ನು ನೋಡಿಕೊಳ್ಳುವ ಈ ಹಿರಿಯ ಅಧಿಕಾರಿಗೆ ಮಾತ್ರ ಅಂಥ ಹೆಸರು ಒದಗಿಲ್ಲ. ಯಾವ ಪದ ಹೊಂದುತ್ತದೆ ಎಂಬುದು ನನ್ನ ಪ್ರಶ್ನೆ. ಉತ್ತರ ಹೇಳುವ ಮುನ್ನ ಆ ಹುದ್ದೆಯ ಚರಿತ್ರೆಯನ್ನು ದಯವಿಟ್ಟು ಒಮ್ಮೆ ನೋಡಿ, ಏಕೆಂದರೆ ತೊಡಕೆಲ್ಲ ಇರುವುದು ಅಲ್ಲಿಯೇ.

‘ಡೀಕನ್’ ಗ್ರೀಕಿನ ‘ದಿಯಾಕೊನೊಸ್’ನಿಂದ ಬಂದದ್ದು, ಅರ್ಥ ಸೇವಕ. ಕನ್ನಡ ಬೈಬಲಿನಲ್ಲಿ ‘ಸಭಾಸೇವಕ’ ಎಂದಿರುವುದು ಇದೇ. ‘ಆರ್ಚ್’ ಎಂದರೆ ಮೊದಲಿಗ, ಮುಖ್ಯಸ್ಥ. ಎರಡನ್ನೂ ಕೂಡಿಸಿ ‘ಪ್ರಧಾನ ಸಭಾಸೇವಕ’ ಎಂದುಬಿಡಬಹುದು ಎಂದು ಯಾರಿಗಾದರೂ ತೋಚುತ್ತದೆ. ಆದಿಕಾಲದ ಚರ್ಚಿನ ಮಟ್ಟಿಗೆ ಅದು ಸರಿಯೇ. ರೋಮಿನಲ್ಲಿ 258ರಲ್ಲಿ ಹುತಾತ್ಮರಾದ ಸಂತ ಲಾರೆನ್ಸರನ್ನು ಸಂಪ್ರದಾಯ ಆರ್ಚ್‌ಡೀಕನ್ ಎಂದೇ ನೆನೆಯುತ್ತದೆ. ಕಾರ್ಕಳದ ಅತ್ತೂರಿನ ಬಸಿಲಿಕಾ ಇರುವುದು ಅವರ ಹೆಸರಿನಲ್ಲಿಯೇ. ಚರ್ಚಿನ ಸಂಪತ್ತನ್ನೆಲ್ಲ ಒಪ್ಪಿಸು ಎಂದು ರೋಮಿನ ಅಧಿಕಾರಿ ಗದರಿದಾಗ ಅವರು ಊರಿನ ಬಡವರನ್ನು ಕರೆತಂದು ನಿಲ್ಲಿಸಿದರಂತೆ. ಸೇವಕ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಿಲ್ಲ.

ಇಂಗ್ಲೆಂಡಿಗೆ ಬಂದ ಮೇಲೆ ಪದ ಹಾಗೆಯೇ ಉಳಿದು ಕೆಲಸ ಬದಲಾಯಿತು. 805ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ವುಲ್‌ಫ್ರೆಡ್ ಅದಕ್ಕೆ ಮುನ್ನ ಅಲ್ಲಿಯೇ ಆರ್ಚ್‌ಡೀಕನ್ ಆಗಿದ್ದರು. ಆದರೂ ಹುದ್ದೆ ನಾಡಿನ ತುಂಬ ಹರಡಿದ್ದು 1066ರಲ್ಲಿ ನಾರ್ಮನ್ನರು ಗೆದ್ದ ಬಳಿಕ. ಬಿಷಪರೆಲ್ಲ ಆರ್ಚ್‌ಡೀಕನರನ್ನು ನೇಮಿಸಬೇಕೆಂದು ಅದಾದ ಕೆಲವೇ ವರ್ಷಗಳಲ್ಲಿ ಸೇರಿದ ಚರ್ಚಿನ ಸಭೆ ವಿಧಿಸಿತು. ಒಂದನೆಯ ವಿಲಿಯಮ್ ತನ್ನ ಆಜ್ಞೆಯೊಂದರಲ್ಲಿ, ಬಿಷಪರಾಗಲಿ ಆರ್ಚ್‌ಡೀಕನರಾಗಲಿ ಧರ್ಮಸಂಬಂಧದ ವ್ಯಾಜ್ಯಗಳನ್ನು ಹೋಬಳಿ ಮಟ್ಟದ ಲೌಕಿಕ ನ್ಯಾಯಸಭೆಯಲ್ಲಿ ವಿಚಾರಿಸಕೂಡದು ಎಂದ. ಹಾಗಾಗಿ ಚರ್ಚಿಗೆ ತನ್ನದೇ ನ್ಯಾಯಸ್ಥಾನಗಳು ಬೇಕಾದವು, ಅವುಗಳಲ್ಲಿ ಕೆಳಗಿನ ಪೀಠ ಆರ್ಚ್‌ಡೀಕನರಿಗೆ ಸಿಕ್ಕಿತು. ಲಿಂಕನ್ನಿನಂಥ ವಿಶಾಲ ಪ್ರಾಂತ್ಯವನ್ನು ಹಲವು ಸೀಮೆಗಳಾಗಿ ಹಂಚಿ ಸೀಮೆಗೊಬ್ಬರನ್ನು ಕೂರಿಸಿದರು. ವ್ಯಭಿಚಾರ, ಮಾನಹಾನಿ, ಉಯಿಲಿನ ತಕರಾರು, ಭಾನುವಾರ ಚರ್ಚಿಗೆ ಬಾರದಿರುವುದು, ಎಲ್ಲವೂ ಅವರ ಮುಂದೆ ಬರುತ್ತಿದ್ದವು. ತಪ್ಪಿತಸ್ಥರು ಬಿಳಿಯ ಬಟ್ಟೆ ಹೊದ್ದು ಊರಿನವರ ಎದುರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ‘ಬಿಷಪರ ಕಣ್ಣು’ ಎಂದು ಇವರನ್ನು ಕರೆಯುತ್ತಿದ್ದದ್ದು ತಕ್ಕುದೇ.

ಕಣ್ಣಿನ ಜೊತೆಗೆ ಹೊಟ್ಟೆಯೂ ಇತ್ತು. ಆರ್ಚ್‌ಡೀಕನರು ಸೀಮೆಯ ಚರ್ಚುಗಳನ್ನು ತಪಾಸಣೆ ಮಾಡಲು ಸವಾರಿ ಹೊರಟರೆ, ಬಿಡದಿ, ಊಟ, ಕುದುರೆಗಳಿಗೆ ಮೇವು ಎಲ್ಲವನ್ನೂ ಆಯಾ ಚರ್ಚೇ ಒದಗಿಸಬೇಕು. ಈ ಹೊರೆ ಮಿತಿಮೀರಿದ್ದರಿಂದ 1179ರಲ್ಲಿ ರೋಮಿನಲ್ಲಿ ಸೇರಿದ, ಮೂರನೆಯ ಲ್ಯಾಟರನ್ ಎಂದು ಹೆಸರಾದ ಚರ್ಚಿನ ಮಹಾಸಭೆ ಕಟ್ಟಳೆ ಮಾಡಿತು: ಆರ್ಚ್‌ಬಿಷಪರಿಗೆ 40ರಿಂದ 50 ಕುದುರೆ, ಬಿಷಪರಿಗೆ 20ರಿಂದ 30, ಆರ್ಚ್‌ಡೀಕನರಿಗೆ ಐದೋ ಏಳೋ, ಬೇಟೆನಾಯಿ, ಬೇಟೆಹಕ್ಕಿ ಕೂಡದು. ಕಟ್ಟಳೆಯನ್ನು ಯಾರು ಕೇಳಿದರು? ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್ ಮಠದವರು ಪೋಪ್ ಮೂರನೆಯ ಇನ್ನೊಸೆಂಟರಿಗೆ ಕೊಟ್ಟ ದೂರಿನಂತೆ, ರಿಚ್ಮಂಡಿನ ಆರ್ಚ್‌ಡೀಕನ್ ಮಠಕ್ಕೆ ಸೇರಿದ ಚರ್ಚೊಂದಕ್ಕೆ 97 ಕುದುರೆ, 21 ನಾಯಿ, ಮೂರು ಗಿಡುಗಗಳೊಂದಿಗೆ ಬಂದಿಳಿದಿದ್ದರು. ಆ ಮಠದ ಉಗ್ರಾಣದ ಗತಿಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆರ್ಚ್‌ಡೀಕನ್ ಆದವನಿಗೆ ಮೋಕ್ಷವುಂಟೇ ಎಂಬ ಪ್ರಶ್ನೆ ಆ ಕಾಲದ ಕಲಿತವರ ಬಾಯಲ್ಲಿತ್ತು. ಆ ಶತಮಾನದ ವಿದ್ವಾಂಸ ಸಾಲ್ಸ್‌ಬರಿಯ ಜಾನ್, ಹೊಸದಾಗಿ ಆರ್ಚ್‌ಡೀಕನ್ ಆದ ಗೆಳೆಯನಿಗೆ ಬರೆದ ಪತ್ರದಲ್ಲಿ, ಆರ್ಚ್‌ಡೀಕನರಿಗೆ ಮುಕ್ತಿಯಿಲ್ಲ ಎಂದು ಹಿಂದೆ ಹಳಹಳಿಸುತ್ತಿದ್ದವನು ನೀನೇ ಅಲ್ಲವೇ ಎಂದು ನೆನಪಿಸುತ್ತಾನೆ.

ಹೇಳಿ, ಇಂಥವರನ್ನು ‘ಪ್ರಧಾನ ಸಭಾಸೇವಕ’ ಎಂದು ಬರೆದರೆ ಓದುಗನ ಕಣ್ಣಿಗೆ ಯಾವ ಚಿತ್ರ ಕಟ್ಟೀತು? ಚರ್ಚಿನಲ್ಲಿ ಚಾಪೆ ಹಾಸುವ ಹಿರಿಯನೊಬ್ಬನ ಚಿತ್ರ. ಪದ ಒಡೆದು ಅರ್ಥ ಮಾಡುವ ದಾರಿ ಇಲ್ಲಿ ಕೈಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಗಂಟು ಇದೆ. ಅಷ್ಟು ಅಧಿಕಾರವಿದ್ದರೂ ದೀಕ್ಷೆಯ ಲೆಕ್ಕದಲ್ಲಿ ಆ ಕಾಲದ ಆರ್ಚ್‌ಡೀಕನ್ ಬರಿಯ ಡೀಕನ್ ಆಗಿರಬಹುದಿತ್ತು; ಪೂಜೆ ನಡೆಸುವ ಗುರುದೀಕ್ಷೆ ಆಗಿರಲೇಬೇಕೆಂದಿರಲಿಲ್ಲ. ಥಾಮಸ್ ಬೆಕೆಟ್ 1154ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಡೀಕನ್ ಆದರು, ಮರುವರ್ಷ ರಾಜನ ಚಾನ್ಸಲರ್, ಎಂದರೆ ಆಸ್ಥಾನದ ಹಿರಿಯ ಮಂತ್ರಿ. 1162ರ ಜೂನ್ 2ರಂದು ಗುರುದೀಕ್ಷೆ ಪಡೆದರು, ಮರುದಿನವೇ ಆರ್ಚ್‌ಬಿಷಪರಾಗಿ ಅಭಿಷಿಕ್ತರಾದರು. ಎಂದರೆ ಅಷ್ಟೂ ವರ್ಷ ಅವರು ಗುರುವೂ ಅಲ್ಲ, ಪಾದ್ರಿಯೂ ಅಲ್ಲ. ಆದ್ದರಿಂದ ‘ಹಿರಿಯ ಗುರು’, ‘ಪ್ರಧಾನ ಗುರು’ ಎಂಬ ಸಲಹೆಗಳನ್ನು ಕೈಬಿಡಲೇಬೇಕಾಗುತ್ತದೆ. ಇಂದಿನವರಿಗೆ ಅವು ಒಪ್ಪುತ್ತವೆ, ಏಕೆಂದರೆ 1840ರ ಕಾಯಿದೆ ಆರು ವರ್ಷದ ಗುರುತನವನ್ನು ಕಡ್ಡಾಯಗೊಳಿಸಿತು. ಬೆಕೆಟ್ಟರ ಕಾಲಕ್ಕೆ ಒಪ್ಪುವುದಿಲ್ಲ. ‘ಉಪಬಿಷಪ್’ ಕೂಡ ಆಗದು. ಬಿಷಪರಿಗೆ ನೆರವಾಗುವ ಬೇರೆ ಬಿಷಪರೇ ಇಂಗ್ಲೆಂಡಿನಲ್ಲಿದ್ದಾರೆ, ಹೆಸರು ಅವರಿಗೆ ಸಲ್ಲಬೇಕು.

‘ಡೀನ್’ ಜೊತೆಗೂ ಬೆರೆಸಬಾರದು. ವೈದ್ಯಕೀಯ ಕಾಲೇಜಿನಿಂದ ನಮಗೆ ಪರಿಚಿತವಾದ ಆ ಪದದ ಮೂಲ ಲ್ಯಾಟಿನ್ನಿನ ‘ದೆಕಾನುಸ್’, ಹತ್ತು ಮಂದಿಯ ಮುಖಂಡ. ಡೀಕನ್ನಿಗೂ ಅದಕ್ಕೂ ನಂಟಿಲ್ಲ.

ಕಾಲ ಕಳೆದಂತೆ ಆರ್ಚ್‌ಡೀಕನರ ಹಲ್ಲುಗಳು ಒಂದೊಂದಾಗಿ ಉದುರಿದವು. ಬಿಷಪರಷ್ಟೇ ಬಲವಿದ್ದ ರಿಚ್ಮಂಡಿನ ಸೀಮೆಯನ್ನು 1541ರಲ್ಲಿ ಹೊಸ ಚೆಸ್ಟರ್ ಪ್ರಾಂತ್ಯಕ್ಕೆ ಸೇರಿಸಲಾಯಿತು. ಉಯಿಲಿನ ವ್ಯವಹಾರ 1857ರ ಕಾಯಿದೆಯಿಂದ ಚರ್ಚಿನ ಕೈತಪ್ಪಿತು. ಈಗ ಉಳಿದಿರುವುದು ಚರ್ಚು ಕಟ್ಟಡಗಳ ಮೇಲ್ವಿಚಾರಣೆ, ವಾರ್ಷಿಕ ತಪಾಸಣೆ, ಚರ್ಚಿನ ಭಕ್ತರ ಪ್ರತಿನಿಧಿಗಳಾದ ಚರ್ಚ್ ವಾರ್ಡನ್ನರಿಗೆ ಅಧಿಕಾರ ವಹಿಸುವುದು, ಪಾದ್ರಿಗಳ ಕಷ್ಟಸುಖ. ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಹೊಸ ಪಾದ್ರಿಗೆ ಚರ್ಚಿನ ಸ್ವಾಧೀನ ಕೊಡುವ ಕ್ರಮ. ಆರ್ಚ್‌ಡೀಕನರು ಆ ಪಾದ್ರಿಯ ಕೈಹಿಡಿದು ಬಾಗಿಲವರೆಗೆ ನಡೆಸಿ, ಆ ಕೈಯನ್ನು ಬೀಗದಕೈಯ ಮೇಲೋ ಬಾಗಿಲ ಹಿಡಿಯ ಮೇಲೋ ಇರಿಸುತ್ತಾರೆ. ಪಾದ್ರಿ ಒಳಹೋಗಿ ಗಂಟೆ ಬಾರಿಸಿ ತಾವು ಬಂದದ್ದನ್ನು ಊರಿಗೆ ಸಾರುತ್ತಾರೆ.

ಭಾರತದಲ್ಲಿ ಈ ಪದ ಎರಡು ದಾರಿಯಿಂದ ಬಂತು. ಕೇರಳದ ಸಂತ ಥಾಮಸ್ ಕ್ರೈಸ್ತರಲ್ಲಿ ಇಂಗ್ಲಿಷರಿಗಿಂತ ಎಷ್ಟೋ ಮೊದಲೇ ಅವರ ಆರಾಧನೆಯ ಭಾಷೆಯಾದ ಸಿರಿಯಾಕ್ ಮೂಲಕ ಬಂದು ‘ಅರ್ಕದಿಯಾಕ್ಕೋನ್’ ಆಯಿತು. ಅಲ್ಲಿ ಅವರೇ ಸಮುದಾಯದ ಒಡೆಯರು, ‘ಜಾತಿಕ್ಕು ಕರ್ತವ್ಯನ್’ ಎಂಬ ಬಿರುದೂ ಇತ್ತು. ಪೋರ್ಚುಗೀಸರ ಚರ್ಚಿನ ಹಿಡಿತವನ್ನು ಧಿಕ್ಕರಿಸಿದ 1653ರ ಕೂನನ್ ಶಿಲುಬೆಯ ಪ್ರತಿಜ್ಞೆಗೆ ಮುಂದಾಳಾದವರು ಆರ್ಚ್‌ಡೀಕನ್ ಥಾಮಸ್. ಎರಡನೆಯ ದಾರಿ ಕಂಪನಿ ಸರ್ಕಾರದ್ದು: 1813ರ ಸನ್ನದಿನಲ್ಲಿ ಭಾರತಕ್ಕೆ ಒಬ್ಬ ಬಿಷಪ್, ಮೂವರು ಆರ್ಚ್‌ಡೀಕನರು ಎಂದು ಗೊತ್ತುಮಾಡಿದರು. ಕಲ್ಕತ್ತ, ಮದರಾಸು, ಬೊಂಬಾಯಿಗೆ ಒಬ್ಬೊಬ್ಬರು. ಬೆಂಗಳೂರು ದಂಡಿನ ಆಂಗ್ಲಿಕನ್ ಚರ್ಚು ಮದರಾಸಿನ ಕಡೆಗೆ ಸೇರಿತ್ತು.

ಮಲಯಾಳಿಗಳು ಪದವನ್ನು ಒಡೆಯಲಿಲ್ಲ, ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು, ಮಾಡುವ ಕೆಲಸಕ್ಕೆ ಬೇರೊಂದು ಬಿರುದು ಕೊಟ್ಟರು. ನಾವೂ ಹಾಗೆಯೇ ಮಾಡೋಣ ಎನ್ನುತ್ತೇನೆ. ಹೆಸರು ‘ಆರ್ಚ್‌ಡೀಕನ್’ ಎಂದೇ ಇರಲಿ, ಅವರ ವ್ಯಾಪ್ತಿ ‘ಆರ್ಚ್‌ಡೀಕನ್ ಸೀಮೆ’ ಎಂದಾಗಲಿ. ಮೊದಲ ಸಲ ಬಂದಾಗ ಮಾತ್ರ ‘ಬಿಷಪರ ಪರವಾಗಿ ಸೀಮೆಯ ಪಾರುಪತ್ಯ ನಡೆಸುವ ಅಧಿಕಾರಿ’ ಎಂಬ ವಿವರಣೆ ಸೇರಲಿ. ಮೇಲುಕೋಟೆಯಂಥ ದೇವಸ್ಥಾನಗಳ ಕಡತ ಓದಿದವರಿಗೆ ಪಾರುಪತ್ಯ ಎಂದರೆ ತಪಾಸಣೆ, ಲೆಕ್ಕಪತ್ರ, ಶಿಸ್ತು ಎಲ್ಲವೂ ಕೂಡಿದ ಕೆಲಸ ಎಂಬುದು ಗೊತ್ತು. ಇಷ್ಟು ಹತ್ತಿರದ ಮತ್ತೊಂದು ಪದ ನನಗೆ ಹೊಳೆಯುತ್ತಿಲ್ಲ. ‘ಪಾರುಪತ್ಯೆಗಾರ’ ಎಂದೇ ಹೆಸರಿಡಲು ಮನಸ್ಸು ಒಪ್ಪದಿರುವುದಕ್ಕೆ ಕಾರಣ, 1996ರಲ್ಲಿ ಟನ್‌ಬ್ರಿಜ್ಜಿನ ಜುಡಿತ್ ರೋಸ್ ಇಂಗ್ಲೆಂಡಿನ ಚರ್ಚಿನ ಮೊದಲ ಮಹಿಳಾ ಆರ್ಚ್‌ಡೀಕನ್ ಆದರು. ‘ಗಾರ’ ಪ್ರತ್ಯಯ ಅಲ್ಲಿ ತೊಡಕಾಗುತ್ತದೆ, ‘ಪಾರುಪತ್ಯ ನಡೆಸುವ’ ಎಂದರೆ ಆ ತೊಡಕಿಲ್ಲ.

ಆರ್ಚ್‌ಡೀಕನರ ಹೆಸರಿನ ಮುಂದೆ ಬರುವ ‘ವೆನರಬಲ್’ ಎಂಬ ಗೌರವಪದವೂ ಬಾಕಿ ಇದೆ. ‘ಪೂಜ್ಯ’ ಎಂದರೆ ಎಲ್ಲ ಪಾದ್ರಿಗಳಿಗೂ ಸಲ್ಲುತ್ತದೆ, ‘ವಂದನೀಯ’ವೂ ಅಷ್ಟೇ. ‘ಮಾನ್ಯ’ ಎಂದರೆ ಶಾಸಕರ ನೆನಪಾಗುತ್ತದೆ.

ದಕ್ಷಿಣ ಭಾರತ ಸಭೆಯ ಹಿರಿಯರು, ಮಂಗಳೂರಿನ ಕಡೆಯವರು, ಹಳೆಯ ಮಿಷನ್ ಪತ್ರಿಕೆಗಳ ಸಂಗ್ರಹ ಇರುವವರು ಇಲ್ಲಿದ್ದೀರಿ. ಆರ್ಚ್‌ಡೀಕನರನ್ನು ಕನ್ನಡದಲ್ಲಿ ಹೆಸರಿಸಿದ ಸಾಲು ಕಣ್ಣಿಗೆ ಬಿದ್ದಿದ್ದರೆ ಇಡೀ ವಾಕ್ಯವನ್ನು, ಮುದ್ರಣದ ವರ್ಷದೊಂದಿಗೆ, ಇದ್ದಂತೆಯೇ ಕಳುಹಿಸಿಕೊಡಿ. ‘ಪಾರುಪತ್ಯ’ದ ಬಗ್ಗೆ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ.