‘ತೇವನಿರೋಧಕ’ವೋ ‘ಆವಿತಡೆ’ಯೋ?

ಪ್ರಶ್ನೆ:

ಲಡಾಖಿನ ದ್ರಾಸ್‌ನಂತಹ ಹಿಮದೂರುಗಳಲ್ಲಿ ಪ್ಯಾನೆಲ್ ಗುಡಿಸಲು ಕಟ್ಟುವ ಬಗೆಯ ಕೈಪಿಡಿಯೊಂದನ್ನು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ಗುಡಿಸಲು 12×8 ಅಡಿ. ಎರಡು ಪ್ಲೈವುಡ್ ಹಾಳೆಗಳ ನಡುವೆ ಥರ್ಮೊಕೋಲ್ ಅಂಟಿಸಿದ ಪ್ಯಾನೆಲ್, ಒಟ್ಟು ದಪ್ಪ 4 ಇಂಚು. ಕರಡಿನಲ್ಲಿ ಇನ್ಸುಲೇಶನ್‌ಗೆ ಉಷ್ಣನಿರೋಧಕ, ವೇಪರ್ ಬ್ಯಾರಿಯರ್‌ಗೆ ತೇವನಿರೋಧಕ, ಥರ್ಮಲ್ ಬ್ರಿಡ್ಜ್‌ಗೆ ಚಳಿಗಂಡಿ, ಸ್ನೋ ಲೋಡ್‌ಗೆ ಮಂಜಿನ ಹೊರೆ, ರಾಕ್‌ವೂಲ್‌ಗೆ (ಕಲ್ಲು ಕರಗಿಸಿ ಎಳೆದ ನಾರು) ಕಲ್ನಾರು ಎಂದಿದೆ. ಇವು ನಿಲ್ಲುತ್ತವೆಯೇ?

ಉತ್ತರ:

‘ಉಷ್ಣನಿರೋಧಕ’ ಇರಲಿ. ‘ಕಾವುತಡೆ’ ಎಂದರೆ ಇನ್ನೂ ಹಗುರ. ತಕರಾರು ಉಳಿದವುಗಳದ್ದು, ಅದರಲ್ಲೂ ‘ತೇವನಿರೋಧಕ’ದ್ದು.

ಆ ಪದ ಓದಿದೊಡನೆ ನಮ್ಮವರ ಕೈ ಗೋಡೆಯ ಹೊರಮೈಗೆ ಹೋಗುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿ ಕಟ್ಟುವುದು ಹೊರಗಡೆ ತಾನೇ? ನಮಗೆ ತೇವ ಬರುವುದು ಆಕಾಶದಿಂದ. ಹಿಮದೂರಿನ ಬಿಗಿಯಾದ ಗುಡಿಸಲಿನಲ್ಲಿ ಅದು ಒಳಗೇ ಹುಟ್ಟುತ್ತದೆ: ಉಸಿರು, ಕುದಿಯುವ ಅನ್ನ, ಒಣಹಾಕಿದ ಕಾಲುಚೀಲ. ಮಲಗಿದ ಒಬ್ಬರಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಎಂದು ಹಿಡಿದರೂ ನಾಲ್ವರು ಎಂಟು ಗಂಟೆ ಮಲಗಿದರೆ ಒಂದೂಕಾಲು ಲೀಟರು. ಒಳಗೆ 20 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 50 ಇದ್ದರೆ, ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಸಿಕ್ಕರೂ ಆ ಗಾಳಿ ಅಲ್ಲಿ ನೀರು ಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಹೊರಗೆ ಹೊಡೆದರೆ ಸಂದುಗಳಲ್ಲಿ ನುಸುಳಿದ ಆವಿ ಹೊರ ಪ್ಲೈವುಡ್ಡಿನ ಬೆನ್ನಿಗೆ ತಾಗಿ ಮಂಜುಗಡ್ಡೆಯಾಗುತ್ತದೆ, ಬಿಸಿಲು ಬಂದಾಗ ಕರಗುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಪ್ಲೈವುಡ್ ಸಂದಿನಿಂದಲೇ ಕೊಳೆಯಲು ಶುರು.

ಆದ್ದರಿಂದ ‘ಆವಿತಡೆ’. ಅದರ ಪಕ್ಕದಲ್ಲೇ ‘ಬೆಚ್ಚಗಿನ ಮಗ್ಗುಲಿಗೆ’ ಎಂದು ಪ್ರತಿ ಸಲವೂ ಬರೆಯಿರಿ. 0.15 ಮಿ.ಮೀ. ಪಾಲಿಥಿನ್ ಹಾಳೆ, ಒಂದರ ಮೇಲೊಂದು 6 ಇಂಚು ಬರುವಂತೆ, ಅಂಚಿಗೆ ಟೇಪು. ಹೊರಮೈಗೆ ಹಾಕುವುದು ಬೇರೆಯೇ ಬಟ್ಟೆ, ನೀರು ಬಿಡದೆ ಆವಿ ಬಿಡುವಂಥದ್ದು. ಅದನ್ನು ಕರಡಿನಲ್ಲಿ ‘ಉಸಿರಾಡುವ ಹೊದಿಕೆ’ ಎಂದಿರುವುದು ಚೆನ್ನಾಗಿದೆ, ಬದಲಿಸಬೇಡಿ.

‘ಚಳಿಗಂಡಿ’ ಕೇಳಲು ಸೊಗಸು, ಅರ್ಥ ತಪ್ಪು. ಗಂಡಿ ಎಂದರೆ ಗಾಳಿ ನುಗ್ಗುವ ತೂತು. ಓದಿದವನು ಸಂದಿಗೆ ಸಿಂಪಡಿಸುವ ಡಬ್ಬಿ ಫೋಮ್ ತಂದು ತುಂಬುತ್ತಾನೆ. ಇಲ್ಲಿ ತೂತೇ ಇಲ್ಲ. ಎರಡು ಪ್ಯಾನೆಲ್ ಕೂಡುವಲ್ಲಿ ಒಳಹಾಳೆಯಿಂದ ಹೊರಹಾಳೆಯವರೆಗೆ ಗಟ್ಟಿ ಮರದ ತುಂಡು ಇಟ್ಟರೆ ಕಾವು ಅದನ್ನೇ ಹಿಡಿದು ಆಚೆ ದಾಟುತ್ತದೆ. ಥರ್ಮೊಕೋಲ್‌ಗಿಂತ ಮರ ಮೂರು-ನಾಲ್ಕು ಪಟ್ಟು ಹೆಚ್ಚು ಕಾವು ಸಾಗಿಸುತ್ತದೆ, ಉಕ್ಕು ಸಾವಿರ ಪಟ್ಟಿಗೂ ಮೀರಿ. ಗೋಡೆಯಲ್ಲಿ ಮೊದಲು ಬೆವರುವುದು ಸ್ಕ್ರೂ ತಲೆ. ದಾಟಿಸುವುದೇ ಇದರ ಕೆಲಸವಾದ್ದರಿಂದ ‘ಕಾವುಸೇತುವೆ’ ಸರಿ. ಪರಿಹಾರವೂ ಪದದಲ್ಲೇ ಇದೆ, ಸೇತುವೆಯನ್ನು ನಡುವೆ ಕಡಿಯಬೇಕು: ಎರಡೂ ಪ್ಯಾನೆಲ್ಲಿನ ಅಂಚಿನಲ್ಲಿ, ಹಾಳೆಯ ಬೆನ್ನಿಗೆ ಒಂದೂವರೆ ಇಂಚು ಆಳಕ್ಕೆ ಥರ್ಮೊಕೋಲ್ ಕೆತ್ತಿ, 3 ಇಂಚು ಅಗಲದ ಪ್ಲೈವುಡ್ ಪಟ್ಟಿಯನ್ನು ಒಳಗಡೆ ಒಂದು, ಹೊರಗಡೆ ಒಂದು ತೂರಿಸಿ ಅಂಟಿಸಿ. ಸ್ಕ್ರೂ ತನ್ನ ಪಟ್ಟಿಯಲ್ಲೇ ನಿಲ್ಲಲಿ, ಆಚೆಯ ಪಟ್ಟಿ ಮುಟ್ಟಬಾರದು.

‘ಮಂಜಿನ ಹೊರೆ’ ಓದಿದರೆ ಮಡಿಕೇರಿಯವರು ನಗುತ್ತಾರೆ. ಅಲ್ಲಿ ಮಂಜು ಬೆಳಗ್ಗೆ ಕವಿದು ಹತ್ತು ಗಂಟೆಗೆ ಹರಿಯುವ ವಸ್ತು. ‘ಹಿಮಭಾರ’ ಎನ್ನಿ. ಆದರೆ ಹಿಮದಲ್ಲೂ ‘ಹೊಸ ಹಿಮ’, ‘ಕುಳಿತ ಹಿಮ’ ಎಂದು ಬೇರ್ಪಡಿಸದಿದ್ದರೆ ಲೆಕ್ಕ ತಪ್ಪುತ್ತದೆ. ಹೊಸತು ಘನ ಮೀಟರಿಗೆ 100 ಕೆ.ಜಿ. ಎಂದುಕೊಳ್ಳಿ, ಕುಳಿತದ್ದು 300. ನಿಮ್ಮ ಗುಡಿಸಲಿನ ಮಾಡು ಸುಮಾರು 9 ಚದರ ಮೀಟರು. ಅದರ ಮೇಲೆ ಎರಡಡಿ ಹೊಸ ಹಿಮ ಬಿದ್ದರೆ ಅರ್ಧ ಟನ್ನಿನ ಆಸುಪಾಸು, ಅಷ್ಟೇ ಎತ್ತರದ ಕುಳಿತ ಹಿಮವಾದರೆ ಒಂದೂವರೆ ಟನ್ನಿಗೂ ಮೇಲೆ.

‘ಕಲ್ನಾರು’ ಇವತ್ತೇ ಅಳಿಸಿ. ಕನ್ನಡದಲ್ಲಿ ಅದು ಆಸ್ಬೆಸ್ಟಾಸ್. ಕೈಪಿಡಿ ಹಿಡಿದು ಅಂಗಡಿಗೆ ಹೋದವನಿಗೆ ಶ್ವಾಸಕೋಶ ಕೆಡಿಸುವ ಸರಕು ಸಿಕ್ಕೀತು. ‘ರಾಕ್‌ವೂಲ್’ ಹಾಗೆಯೇ ಇರಲಿ. ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆ) ಹೊಗೆಕೊಳವೆ ಮಾಡು ದಾಟುವಲ್ಲಿ ಅದು ಬೇಕೇ ಬೇಕು, ಏಕೆಂದರೆ ಥರ್ಮೊಕೋಲ್ 80 ಡಿಗ್ರಿ ದಾಟಿದರೆ ಕುಗ್ಗತೊಡಗುತ್ತದೆ, ಕಿಡಿ ತಾಗಿದರೆ ಉರಿಯುತ್ತದೆ. ಕೊಳವೆಯ ಸುತ್ತ ಪ್ಯಾನೆಲ್ ಅಗಲವಾಗಿ ಕೊರೆದು, ತಗಡಿನ ಚೌಕಟ್ಟು ಕೂರಿಸಿ, ನಡುವೆ ರಾಕ್‌ವೂಲ್ ತುಂಬಬೇಕು.

ನೀವು ಕೇಳದ ಒಂದು ಪದ: ನೆಲದ ಹತ್ತಿರ ಒಂದು, ಸೂರಿನ ಕೆಳಗೆ ಒಂದು ಬಿಡುವ ವೆಂಟ್‌ಗಳಿಗೆ ಕರಡಿನಲ್ಲಿ ‘ರಂಧ್ರ’ ಎಂದಿದ್ದರೆ ತಿದ್ದಿ. ರಂಧ್ರ ಕಂಡರೆ ಮುಚ್ಚುವುದು ಮನುಷ್ಯನ ಗುಣ. ಬುಖಾರಿ ಉರಿಯುವ ಗುಡಿಸಲಿನಲ್ಲಿ ಅದನ್ನು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ‘ಗಾಳಿಕಿಂಡಿ’ ಎಂದರೆ ತೆರೆದಿರಬೇಕಾದದ್ದು ಎಂದು ತಾನೇ ಹೇಳುತ್ತದೆ.

ಇನ್ನೊಬ್ಬರ ಸೇರ್ಪಡೆ:

‘ಪ್ಯಾನೆಲ್’ ಅನ್ನು ಎಲ್ಲಾದರೂ ‘ಫಲಕ’ ಮಾಡಿದ್ದರೆ ವಾಪಸು ತನ್ನಿ, ಬಸ್ ನಿಲ್ದಾಣದ ಬೋರ್ಡು ನೆನಪಾಗುತ್ತದೆ. ಅಳತೆಯಲ್ಲಿ ‘ಒಳ’, ‘ಹೊರ’ ಎಂದೂ ನಮೂದಿಸಬೇಕು. 12×8 ಹೊರ ಅಳತೆಯಾದರೆ 4×8 ಅಡಿಯ ಪ್ಯಾನೆಲ್ ನೆಲಕ್ಕೆ 3, ಗೋಡೆಗೆ 10. ಉದ್ದ ಗೋಡೆಗಳು ಮೂಲೆಯವರೆಗೆ ಪೂರ್ತಿ ಬರುವುದರಿಂದ, ಅವುಗಳ ನಡುವೆ ಕೂರುವ ಗಿಡ್ಡ ಗೋಡೆಗೆ ಉಳಿಯುವುದು 7 ಅಡಿ 4 ಇಂಚು. ಆ ನಾಲ್ಕು ಪ್ಯಾನೆಲ್‌ಗಳನ್ನು ತಲಾ 4 ಇಂಚು ಕೊಯ್ಯದೆ ಮೂಲೆ ಕೂಡುವುದಿಲ್ಲ. ಕೊಯ್ದ ಅಂಚು ಮೂಲೆಯ ಕಡೆಗಿರಲಿ, ನಡುಸಂದಿನ ಕಡೆಗೆ ಬೇಡ.